ಪುಸ್ತಕ ಕೈಯಲ್ಲಿದ್ದವರ ಮಾತು

ಆಗಿನ ಭಾನುವಾರಗಳಲ್ಲಿ ನಮ್ಮ ಮನೆಯ ಕಿಟಕಿಗಳಿಗೆ ಎರಡು ಕೆಲಸ. ಮಧ್ಯಾಹ್ನ ಓದುಗರು ಬರುವ ಹೊತ್ತಿಗೆ ಅಪ್ಪ ಅವನ್ನು ಪೂರ್ತಿ ತೆರೆದಿಡುತ್ತಿದ್ದ. ಅವರೆಲ್ಲ ಹೋದ ಮೇಲೆ, ಅವ್ವನನ್ನು ಹೊಡೆಯುವ ಮನಸ್ಸಾದರೆ, ಒಂದೊಂದಾಗಿ ಮುಚ್ಚುತ್ತಿದ್ದ. ಬದುಕಿದ್ದಾಗ ಅಪ್ಪನನ್ನು ನಾನು ‘ನೀವು’ ಎಂದೇ ಮಾತಾಡಿಸಿದವಳು. ಬರೆಯಲು ಕೂತರೆ ಏಕವಚನವೇ ಬರುತ್ತಿದೆ, ಬರಲಿ.

ಮುಲುಂಡಿನಲ್ಲಿ, ಸ್ಟೇಷನ್ನಿನ ಪೂರ್ವಕ್ಕೆ, ಸುಣ್ಣ ಉದುರುವ ಹಳೆಯ ಬಿಲ್ಡಿಂಗು ನಮ್ಮದು. ಒಂದು ಕೋಣೆ, ಒಂದು ಅಡಿಗೆಮನೆ. ಧಾರವಾಡದ ಕಡೆಯವನಾದ ಅಪ್ಪನಿಗೆ ಫೋರ್ಟಿನ ಒಂದು ಆಫೀಸಿನಲ್ಲಿ ನೌಕರಿ. ನಿಮ್ಮಲ್ಲಿ ಮುಂಬಯಿಯ ಮೇ ತಿಂಗಳ ರಜೆ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೆಳಗಿನಿಂದ ಅಂಗಳದಲ್ಲಿ ಲಗೋರಿ, ಅದು ಬೇಸರವಾದರೆ ಡಬ್ಬಾ ಐಸ್‌ಪೈಸ್ ಎಂಬ ಕಣ್ಣಾಮುಚ್ಚಾಲೆ. ಉಪ್ಪುಖಾರ ಹಚ್ಚಿದ ಕೈರಿ, ಅಂದರೆ ಮಾವಿನಕಾಯಿ, ತಿಂದು ಚುಳ್ಳೆನ್ನುವ ಹಲ್ಲು. ನೀರು ಬಿಟ್ಟರು ಎಂದು ಯಾರಾದರೂ ಕೂಗಿದ ಕೂಡಲೇ ಆಟ ಬಿಟ್ಟು ಓಡಿ, ಅವ್ವನ ಜತೆ ಡ್ರಮ್ಮು ತುಂಬಿಸುವುದು. ಎಲ್ಲ ಮಕ್ಕಳಿಗೂ ಇದ್ದ ರಜೆಯೇ ನನಗೂ ಇತ್ತು. ಮನೆಗೆ ಹೋಗುವ ಮೊದಲು ಕೆಳಗೆ ನಿಂತು ತಲೆಯೆತ್ತಿ ಕಿಟಕಿ ನೋಡುವ ಚಾಳಿ ಮಾತ್ರ ನನ್ನದೊಬ್ಬಳದೇ.

ಓದುಗರ ಕೂಟ ಕಟ್ಟಿದವನು ಅಪ್ಪ, ಅದಕ್ಕೆ ಪುಸ್ತಕ ಒದಗಿಸುತ್ತಿದ್ದವರು ಶೆಟ್ಟರು. ಶೆಟ್ಟರು ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಆ ಸುತ್ತಲಿನ ರದ್ದಿ ಅಂಗಡಿಗಳಿಗೆ ಕನ್ನಡ ಪುಸ್ತಕ ಬಂದರೆ ಅವರಿಗಾಗಿ ತೆಗೆದಿಡುತ್ತಿದ್ದರು. ಯಾವುದೋ ಮನೆಯ ಅಜ್ಜ ತೀರಿಕೊಂಡಿರುತ್ತಾನೆ, ಮಕ್ಕಳಿಗೆ ಕನ್ನಡ ಬರುವುದಿಲ್ಲ, ಪುಸ್ತಕವೆಲ್ಲ ರದ್ದಿಗೆ. ಶೆಟ್ಟರು ಅವನ್ನು ದೊಡ್ಡ ಬಟ್ಟೆಚೀಲದಲ್ಲಿ ತುಂಬಿ, ಮೇಲೆ ಹೋಟೆಲಿನ ಗೋಳಿಬಜೆಯ ಪೊಟ್ಟಣ ಇಟ್ಟು, ಲೋಕಲಿನಲ್ಲಿ ಹೊತ್ತು ತರುತ್ತಿದ್ದರು. ಹಳೆಯ ಕಾಗದ, ಜಿರಲೆ ಗುಳಿಗೆ, ಕರಿದ ಎಣ್ಣೆ ಎಲ್ಲ ಕೂಡಿದ ಒಂದು ವಾಸನೆ ಆ ಚೀಲಕ್ಕಿತ್ತು. ಇವತ್ತಿಗೂ ಎಲ್ಲಾದರೂ ಗೋಳಿಬಜೆಯ ವಾಸನೆ ಬಂದರೆ ನನಗೆ ಓದಬೇಕೆನಿಸುತ್ತದೆ.

ಕೂಟದ ಪದ್ಧತಿ ಹೀಗಿತ್ತು. ಚೀಲ ನಡುವೆ ಇಡುವುದು. ನೋಡದೆ ಕೈಹಾಕುವುದು. ಸಿಕ್ಕಿದ್ದನ್ನು ಓದಿ ಮುಂದಿನ ಭಾನುವಾರ ಅಭಿಪ್ರಾಯ ಹೇಳುವುದು. ಇದು ಬೇಡ, ಅದು ಕೊಡಿ ಎನ್ನುವ ಹಾಗಿಲ್ಲ. ಹೇಳುವವರು ಪುಸ್ತಕ ಕೈಯಲ್ಲಿ ಹಿಡಿದು ನಿಲ್ಲಬೇಕು. ಪುಸ್ತಕ ಕೈಯಲ್ಲಿರುವ ತನಕ ಮಾತು ಅವರದು, ಬೇರೆಯವರು ಬಾಯಿ ಹಾಕುವಂತಿಲ್ಲ. ಮುಗಿಸುವಾಗ ‘ಇನ್ನೊಬ್ಬರು ಓದಬಹುದು’ ಅಥವಾ ‘ಬೇಡ’ ಎಂದು ತೀರ್ಪು ಕೊಟ್ಟು, ಪುಸ್ತಕವನ್ನು ಸ್ಟೂಲಿನ ಮೇಲೆ ಇಟ್ಟರೆ ಆಯಿತು. ಈ ನಿಯಮ ಮಾಡಿದವನು ಅಪ್ಪನೇ. ಅವನು ಮಾತಾಡುವಾಗ ಶೆಟ್ಟರು ನಡುವೆ ಜೋಕು ಹೊಡೆಯುತ್ತಿದ್ದರು. ಅದು ಅವನಿಗೆ ಆಗುತ್ತಿರಲಿಲ್ಲ.

ಬರುತ್ತಿದ್ದವರು ಮೂವರೇ. ಶೆಟ್ಟರು, ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದ ಕುಲಕರ್ಣಿ ಕಾಕಾ, ಮತ್ತೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ವಿಮಲಾ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು, ಅತ್ತಿಗೆಯನ್ನು ವೈನಿ. ಮೂವರೂ ನಿಜಕ್ಕೂ ಓದುತ್ತಿದ್ದರು. ಕಾಕಾಗೆ ಒಮ್ಮೆ ಅಡುಗೆ ಪುಸ್ತಕ ಬಂತು. ಅದನ್ನೂ ಮೊದಲಿಂದ ಕೊನೆಯವರೆಗೆ ಓದಿ, ಎದ್ದು ನಿಂತು, “ಹಿಂಗು ಎಷ್ಟು ಹಾಕಬೇಕು ಅಂತ ಎಲ್ಲೂ ಬರದಿಲ್ರಿ. ಭಾಳ ಬೇಜವಾಬ್ದಾರಿ ಬರವಣಿಗಿ. ಬ್ಯಾಡ,” ಎಂದರು. ಶೆಟ್ಟರ ಕೈಗೆ ಕವನಸಂಕಲನ. “ಒಂದಕ್ಷರ ಅರ್ಥ ಆಗ್ಲಿಲ್ಲ ಮಾರಾಯ್ರೆ. ಆದ್ರೆ ಲೋಕಲಲ್ಲಿ ಓದ್ತಾ ಓದ್ತಾ ಕಣ್ಣಲ್ಲಿ ನೀರು. ಇಳಿಯುವ ಸ್ಟೇಷನ್ನೇ ಹೋಯ್ತು. ಓದ್ಬಹುದು!” ಅಕ್ಕೋರಿಗೆ ಪತ್ತೇದಾರಿ ಕಾದಂಬರಿ ಸಿಕ್ಕರೆ ಅರ್ಧಕ್ಕೇ ಕೊಲೆಗಾರನನ್ನು ಹಿಡಿಯುತ್ತಿದ್ದರು. “ಈ ಮನಿಗೆ ಬಂದೇ ಇಲ್ಲ ಅಂತಾನ. ಮತ್ತ ಚಹಾದ ಕಪ್ಪು ಎಲ್ಲಿರ್ತಾವ ಅಂತ ಹೆಂಗ ಗೊತ್ತು ಅವಗ?”

ಅಪ್ಪನ ಸರದಿ ಬಂದರೆ ನಾನು ಆಟ ಬಿಟ್ಟು ಮೇಲೆ ಓಡಿ ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅವನ ಹಾಗೆ ಓದುವವರನ್ನು ನಾನು ಮತ್ತೆ ಕಂಡಿಲ್ಲ. ಒಮ್ಮೆ ಯುದ್ಧದ ಕಾದಂಬರಿ ಬಂದಿತ್ತು. ಅಪ್ಪ ಕೈಬೀಸಿ ಓದುತ್ತಿದ್ದರೆ ತಲೆಗಳು ಉರುಳುತ್ತಿದ್ದವು, ಆನೆಯ ಕಾಲಡಿಗೆ ಎಲುಬು ಮುರಿಯುತ್ತಿದ್ದವು. ಕಾಕಾ “ಶಾಭಾಸ್!” ಎಂದು ತೊಡೆ ತಟ್ಟಿದರು. ನಾನೂ ತಟ್ಟಿದೆ. ಒಳ್ಳೆಯ ಓದುಗ ಒಳ್ಳೆಯ ಮನುಷ್ಯನಾಗುತ್ತಾನೆ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದಾಗ ನನಗೆ ಮೈ ಉರಿಯುತ್ತದೆ. ಬನ್ನಿ ನಮ್ಮ ಮನೆಗೆ, ತೋರಿಸುತ್ತೇನೆ ಎಂದು ಕೂಗಬೇಕೆನಿಸುತ್ತದೆ.

ಕೂಟದಲ್ಲಿ ಯಾರಾದರೂ ಅವನ ಮಾತನ್ನು ಒಪ್ಪದಿದ್ದರೆ ಅಪ್ಪ ನಗುತ್ತಿದ್ದ. ಆ ನಗು ಕಂಡರೆ ನಾನು ಕಿಟಕಿಗಳ ಕಡೆ ನೋಡುತ್ತಿದ್ದೆ. ಅವರೆಲ್ಲ ಮೆಟ್ಟಿಲಿಳಿದು, ಕೆಳಗಿನ ಗೇಟು ಕಿರ್ ಎಂದ ಮೇಲೆ ಏಳುತ್ತಿದ್ದ. ಮೊದಲು ಹೊರಗಿನ ಕಿಟಕಿ, ಆಮೇಲೆ ಅಡಿಗೆಮನೆಯದು. ರೇಡಿಯೋ ದೊಡ್ಡದು ಮಾಡುತ್ತಿದ್ದ. ಚಹಾ ಆರಿತ್ತು ಎಂಬ ಕಾರಣ ಸಾಕು. ಶೆಟ್ಟರ ಜೋಕಿಗೆ ಅವ್ವ ಒಳಗಿನಿಂದ ನಕ್ಕಳು ಎಂಬುದೂ ಸಾಕು. ಹಿಡಿದು ತಿರುಗಿಸಿ ಕೆನ್ನೆಗೆ ಹೊಡೆಯುತ್ತಿದ್ದ, ಬಿದ್ದರೆ ಒದೆಯುತ್ತಿದ್ದ. ಒಮ್ಮೆ ಜುಟ್ಟು ಹಿಡಿದು ಹಣೆಯನ್ನು ಒಲೆಕಟ್ಟೆಗೆ ಬಡಿದ. ಕಟ್ಟೆಯ ಮೇಲಿದ್ದ ರೊಟ್ಟಿಹಿಟ್ಟಿಗೆ ರಕ್ತ ಸಿಡಿಯಿತು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಏಟು ತಿನ್ನುತ್ತಿದ್ದಳು. ನಾನು ಅತ್ತರೆ ನನ್ನ ಬಾಯಿಯನ್ನೂ ಅವಳೇ ಮುಚ್ಚುತ್ತಿದ್ದಳು. “ಸುಮ್ಮನಿರು ಸುಮೀ, ಬಾಜೂ ಮನೀಗೆ ಕೇಳ್ತದ.”

ಬಾಜೂ ಮನೆಯವರು ಮರಾಠಿ ಜನ, ಒಳ್ಳೆಯವರು. ಗೋಡೆ ಒಂದೇ. ಕೇಳಿರಲಾರದು ಎಂದು ನಾನು ನಂಬುವುದಿಲ್ಲ. ಕಿಟಕಿ ಮುಚ್ಚಿತ್ತಲ್ಲ, ಕೇಳಲಿಲ್ಲ ಎಂದುಕೊಳ್ಳಲು ಅವರಿಗೂ ಅಷ್ಟು ಅನುಕೂಲವಾಯಿತು.

ಒಂದು ಮೇ ತಿಂಗಳಲ್ಲಿ ಅಪ್ಪ ಅವ್ವನ ಕುತ್ತಿಗೆಗೆ ಕೈಹಾಕಿದ. ಯಾವ ಕಾರಣಕ್ಕೆ ಎಂದು ನೆನಪಿಲ್ಲ. ಗೋಡೆಗೊತ್ತಿ ಎರಡೂ ಕೈಯಿಂದ ಹಿಚುಕುತ್ತಿದ್ದ. ಅವ್ವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಹಿಮ್ಮಡಿಗಳು ನೆಲದಿಂದ ಎದ್ದಿದ್ದವು. ನಾನು ಓಡಿ ಅವನ ಮುಂಗೈ ಕಚ್ಚಿದೆ. ಉಪ್ಪುಪ್ಪು ರಕ್ತ ಬಾಯಿಗೆ ಬರುವ ತನಕ ಬಿಡಲಿಲ್ಲ. ಅವನು ನನ್ನನ್ನು ಝಾಡಿಸಿ ಎಸೆದ. ಕಬ್ಬಿಣದ ಟ್ರಂಕಿನ ಮೂಲೆ ಬಡಿದು ಹುಬ್ಬು ಸೀಳಿತು. ಆ ಗೆರೆ ಈಗಲೂ ಇದೆ, ಅಲ್ಲಿ ಕೂದಲು ಬರುವುದಿಲ್ಲ. ಅವ್ವ ನೆಲಕ್ಕೆ ಕುಸಿದು ಗೊರಗೊರ ಉಸಿರೆಳೆಯುತ್ತಿದ್ದಳು. ಆ ಸದ್ದು ಕೇಳುತ್ತ ನನಗೆ ಒಂದೇ ಮಾತು ಖಾತ್ರಿಯಾಯಿತು. ಮುಂದಿನ ಸಲ ಅವ್ವ ಉಳಿಯುವುದಿಲ್ಲ. ಯಾರಿಗಾದರೂ ಹೇಳಬೇಕು. ಆದರೆ ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಆ ಮುಂದಿನ ಸಲ ಅವತ್ತೇ ಬರುತ್ತದೆ.

ಅದಾದ ಮೇಲಿನ ಭಾನುವಾರ ಅವ್ವ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಚಹಾ ತಂದಳು. ಬೆವರಿನಲ್ಲಿ ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರು.

“ಇಂಥಾ ಸೆಕ್ಯಾಗ ಹಿಂಗ್ಯಾಕ ಸುತ್ತಿಕೊಂಡೀರಿ ವೈನಿ?” ಅಕ್ಕೋರು ಕೇಳಿದರು.

“ಬೆವರುಸಾಲಿ ಎದ್ದಾವ್ರಿ,” ಎಂದಳು ಅವ್ವ. ದನಿ ಒಡೆದಿತ್ತು.

“ಮುಲ್ತಾನಿ ಮಣ್ಣು ಹಚ್ಚರಿ,” ಎಂದರು ಕಾಕಾ. ನನ್ನ ಹುಬ್ಬಿನ ಪಟ್ಟಿ ನೋಡಿ ಶೆಟ್ಟರು “ಎಂತ ಮಗಾ, ಲಗೋರಿ ಆಡ್ಲಿಕ್ಕೆ ಹೋಗಿ ಬಿದ್ದದ್ದಾ?” ಎಂದು ನನ್ನ ಕೈಗೊಂದು ಬಿಸಿ ಗೋಳಿಬಜೆ ಇಟ್ಟರು. ನಾನು ತಲೆಯಾಡಿಸಿದೆ.

ಅವತ್ತು ಅಪ್ಪನ ಕೈಯಲ್ಲಿದ್ದದ್ದು ಒಂದು ಸಂಸಾರದ ಕಾದಂಬರಿ. ರಟ್ಟು ಹರಿದು ಲೇಖಕರ ಹೆಸರೂ ಇರಲಿಲ್ಲ. ಅದರಲ್ಲಿ ಗಂಡನೊಬ್ಬ ಹೆಂಡತಿಯನ್ನು ಹೊಡೆಯುವ ಅಧ್ಯಾಯವಿತ್ತು. ಅಪ್ಪ ಅದನ್ನು ದನಿ ಏರಿಸಿ ಇಳಿಸಿ ಓದಿ ತೋರಿಸಿದ. ಆಮೇಲೆ, “ಏನ್ ಬರದಾನ್ರಿ! ಆ ಹೊಡತ ನಮ್ಮ ಕೆನ್ನೀಗೇ ಬಿದ್ದಂಗ ಆಗ್ತದ. ಇನ್ನೊಬ್ಬರು ಓದಲೇಬೇಕು,” ಎಂದು ಸ್ಟೂಲಿನ ಮೇಲಿಟ್ಟ. ಅಷ್ಟಕ್ಕೆ ಚರ್ಚೆ ಶುರು. ಕಾಕಾಗೆ ಅದು ಸ್ವಲ್ಪ ಅತಿಯೆನಿಸಿತು. ಓದಿದ ಮನೆತನಗಳಲ್ಲಿ ಇಂಥದ್ದೆಲ್ಲ ಎಲ್ಲುಂಟು, ಇದು ಬರೆಯುವವರ ಕಲ್ಪನೆ ಎಂದರು ಶೆಟ್ಟರು. ಕಲ್ಪನೆ ಆದರೇನು, ನಂಬುವ ಹಾಗಿರಬೇಕು ಎಂದರು ಅಕ್ಕೋರು. ಒಂದೊಂದು ಸಾಲು ಹಿಡಿದು ಜಗ್ಗಾಡಿದರು. ಒಳಗೆ ಅವ್ವ ಎರಡನೇ ಸುತ್ತಿನ ಚಹಾ ಸೋಸುತ್ತಿದ್ದಳು, ಉಗುಳು ನುಂಗುವಾಗ ಕಣ್ಣು ಮುಚ್ಚುತ್ತಿದ್ದಳು. ಪುಸ್ತಕದಲ್ಲಿ ಚಹಾದ ಕಪ್ಪು ಎಲ್ಲಿದೆ ಎಂದು ನೋಡಿ ಕೊಲೆಗಾರನನ್ನು ಹಿಡಿಯುವವರು, ಕಣ್ಣೆದುರಿನ ಸೆರಗನ್ನು ಬೆವರುಸಾಲಿ ಎಂದುಕೊಂಡು ಚಹಾ ಕುಡಿದರು. ಅವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಪ್ಪನ ಮೇಲೂ ಬಂದಿರಲಿಲ್ಲ.

ಮಾತಿನಲ್ಲಿ ಸೋಲದ ಕಾಕಾ, ತಾನೇ ಓದಿ ನೋಡಿ ಮುಂದಿನ ವಾರ ಅಭಿಪ್ರಾಯ ಹೇಳುವೆನೆಂದು ಆ ಪುಸ್ತಕ ಒಯ್ದರು. ಆದರೆ ವಾರದ ನಡುವೆ ಅವರ ಕಣ್ಣಿನ ಆಪರೇಷನ್ ಆಯಿತು. ಅಪ್ಪ ಆಫೀಸಿಗೆ ಹೋದ ಹೊತ್ತಿನಲ್ಲಿ ಕರಿ ಕನ್ನಡಕ ಹಾಕಿಕೊಂಡು, ಮೊಮ್ಮಗನ ಹೆಗಲು ಹಿಡಿದು ಬಂದರು.

“ವೈನಿ, ಡಾಕ್ಟರ್ ಓದಬ್ಯಾಡ ಅಂದಾರ. ನೀವ ಓದಿ ಕತಿ ಹೇಳ್ರಲ್ಲ. ನಾ ಅಷ್ಟರ ಮ್ಯಾಲ ಏನರೆ ಮಾತಾಡ್ತೀನಿ.”

ಅವ್ವ ಪುಸ್ತಕ ಇಟ್ಟುಕೊಂಡಳು. ಕಾಕಾಗೆ ಗೊತ್ತಿರಲಿಲ್ಲ, ಆ ಚೀಲದಲ್ಲಿ ಬಂದ ಪ್ರತಿಯೊಂದು ಪುಸ್ತಕವನ್ನೂ ಅವ್ವ ಓದಿದ್ದಳು. ಅಪ್ಪನ ಸರದಿಯವು ಮನೆಯಲ್ಲೇ ಇರುತ್ತಿದ್ದವು, ಉಳಿದವರು ಓದಿ ಮರಳಿಸಿದವು ಚೀಲದ ಸಮೇತ ನಮ್ಮ ಮಂಚದ ಕೆಳಗೆ ಇರುತ್ತಿದ್ದವು. ನಿಂತಲ್ಲೇ ಓದುತ್ತಿದ್ದಳು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ಈ ಪುಸ್ತಕ ಓದುವಾಗ ಮಾತ್ರ ನಡುನಡುವೆ ‘ಹುಂ’ ಎನ್ನುತ್ತಿದ್ದಳು, ಒಪ್ಪಿಗೆಯಾಗದವರ ಹಾಗೆ. ಪಲ್ಯ ತಳ ಹಿಡಿದದ್ದೂ ಗೊತ್ತಾಗಲಿಲ್ಲ ಅವಳಿಗೆ.

ಮುಂದಿನ ಭಾನುವಾರ ಬಂತು. ಕಿಟಕಿಗಳೆಲ್ಲ ತೆರೆದಿದ್ದವು. ಕೆಳಗೆ ಹುಡುಗರ ಗಲಾಟೆ ಕೇಳುತ್ತಿತ್ತು. ಮೊದಲ ಸರದಿ ಕಾಕಾದು. ಅವರು ಎದ್ದು ನಿಂತು ನಗುತ್ತ, “ಖರೇ ಹೇಳ್ತೀನಿ, ನಾ ಓದಿಲ್ಲ. ವೈನಿ ಓದ್ಯಾರ. ನನಗ ಕತಿ ಹೇಳೂದ್ಯಾಕ, ಎಲ್ಲಾರಿಗೂ ಹೇಳಲಿ,” ಎಂದರು. ಚಹಾದ ಟ್ರೇ ಕೆಳಗಿಡುತ್ತಿದ್ದ ಅವ್ವನ ದಿಕ್ಕಿಗೆ ಅಂದಾಜಿನಲ್ಲಿ ಪುಸ್ತಕ ಚಾಚಿದರು.

ನಾನು ಅಪ್ಪನ ಮುಖ ನೋಡಿದೆ. ಆ ನಗು ಬಂದಿತ್ತು. “ಆಕಿಗೇನ್ ತಿಳೀತದ ಬಿಡ್ರಿ ಕಾಕಾ. ನಾಲ್ಕನೇತ್ತ ಓದಿದಾಕಿ.”

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಪುಸ್ತಕ ತೆಗೆದುಕೊಂಡಳು. ನಾನು ಬಾಗಿಲಿಗೆ ಆತು ನಿಂತಿದ್ದೆ.

“ನಂಗ ತಿಳದಷ್ಟು ಹೇಳ್ತೀನ್ರಿ,” ಎಂದಳು ಮೆಲ್ಲಗೆ. ಅವಳ ದನಿ ಆಗ ಬಹಳ ಸಣ್ಣದು, ಶೆಟ್ಟರು ಮುಂದೆ ಬಾಗಿ ಕೇಳಬೇಕಾಯಿತು. “ಕತಿ ಛಲೋ ಅದ. ಆದ್ರ ಆ ಹೊಡ್ಯೂ ಅಧ್ಯಾಯ ಸರಿ ಇಲ್ಲ. ಕೆನ್ನೀಗೆ ಬಿತ್ತು, ಛಟೀರ್ ಅಂತು ಅಂತ ಬರದಾರ. ಬರದವರು ಹೊಡದವನ ಬಾಜೂ ನಿಂತು ಕೇಳ್ಯಾರ ಅದನ್ನ. ಹೊಡಸಿಕೊಂಡಾಕಿಗೆ ಆ ಸಪ್ಪಳ ಕೇಳಸೂದಿಲ್ರಿ. ಕಿವಿ ಒಳಗ ಕುಕ್ಕರ್ ಸೀಟಿ ಹೊಡದಂಗ ಆಗ್ತದ. ಭಾಳೊತ್ತಿನ ತನಕಾ ಹೋಗಂಗಿಲ್ಲ ಅದು.”

“ಆಹಾ! ಭಾರೀ ಪಾಯಿಂಟ್ ವೈನಿ!” ಕಾಕಾ ತೊಡೆ ತಟ್ಟಿದರು. ಪಾಪ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

“ಮತ್ತ ಆಕಿ ಕಿರಚಿದಳು ಅಂತ ಅದ. ಕಿರಚೂದಿಲ್ರಿ ಯಾರೂ. ಬಾಜೂ ಮನೀಗೆ ಕೇಳ್ತದಲ್ಲ.”

ಅಕ್ಕೋರ ಕೈಯ ಕಪ್ಪು ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅವರ ಕಣ್ಣು ಅವ್ವನ ಕುತ್ತಿಗೆಯ ಸೆರಗಿಗೆ ಹೋಯಿತು, ಅಲ್ಲಿಂದ ನನ್ನ ಹುಬ್ಬಿಗೆ ಬಂತು.

“ಸಾಕು. ಒಳಗ ಹೋಗು,” ಎಂದ ಅಪ್ಪ.

“ರಾಯರೇ, ಪುಸ್ತಕ ಅವರ ಕೈಲಿ ಉಂಟಲ್ಲ,” ಎಂದರು ಶೆಟ್ಟರು. ಅವರಿಗೆ ಇನ್ನೂ ತಿಳಿದಿರಲಿಲ್ಲ, ಕೂಟದ ನಿಯಮ ನೆನಪಿಸಿದರು ಅಷ್ಟೇ. “ನಿಮ್ಮದೇ ರೂಲು. ಮುಗಿಯಲಿ ಅವರದ್ದು. ಹೇಳಿ ಅಕ್ಕ.”

ಅವ್ವ ಶೆಟ್ಟರನ್ನೇ ನೋಡಿಕೊಂಡು ಹೇಳಿದಳು. “ಇನ್ನೊಂದು ಅದ ಅಣ್ಣಾ. ಹೊಡ್ಯೂಕ್ಕಿಂತ ಮೊದಲ ಕಿಟಕಿ ಮುಚ್ಚತಾರ. ಈ ಪುಸ್ತಕದಾಗ ಅಂವ ಕಿಟಕಿ ಮುಚ್ಚಿಲ್ಲ. ಅದಕ್ಕ ನನಗ ನಂಬಿಕಿ ಬರಲಿಲ್ಲ.”

ಮುಂದೆ ಆದದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಅಪ್ಪ ಎದ್ದ. ಸಿಟ್ಟಿನಲ್ಲಿ ಅವನ ಮೈ ತನ್ನ ರೂಢಿಯ ಕೆಲಸಕ್ಕೇ ಹೋಯಿತು. ನೆಟ್ಟಗೆ ಹೊರಗಿನ ಕಿಟಕಿಯ ಹತ್ತಿರ ನಡೆದು, ಒಂದು ಬಾಗಿಲೆಳೆದ, ಇನ್ನೊಂದನ್ನೆಳೆದ, ಅಗುಳಿ ಹಾಕಿದ. ಆ ಸೆಕೆಯಲ್ಲಿ, ಮೂವರು ಅತಿಥಿಗಳು ಚಹಾ ಹಿಡಿದು ಕೂತಿರುವಾಗ.

ಅಗುಳಿಯ ಮೇಲೆ ಕೈಯಿದ್ದಂತೆಯೇ ಅಪ್ಪನಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ತಿರುಗಿ ನೋಡಿದ. ಅಕ್ಕೋರು ಅವನನ್ನೇ ನೋಡುತ್ತಿದ್ದರು, ಶೆಟ್ಟರ ಬಾಯಿ ತೆರೆದಿತ್ತು.

ಅವನು ಎರಡು ಹೆಜ್ಜೆಯಲ್ಲಿ ಬಂದು ಅವ್ವನ ಎಡಗೆನ್ನೆಗೆ ಹೊಡೆದ. ನಾನು ಕಂಡ ಏಟುಗಳಲ್ಲೇ ದೊಡ್ಡದು ಅದು. ನೋಡುವವರ ಬಾಜೂ ನಿಂತಿದ್ದ ನನಗೆ ಛಟೀರ್ ಎಂದೇ ಕೇಳಿಸಿತು. ಅವ್ವ ಬಾಗಿಲ ಚೌಕಟ್ಟಿಗೆ ಬಡಿದು ಕುಸಿದಳು. ಪುಸ್ತಕ ಹಾರಿ ಮೂಲೆಗೆ ಬಿತ್ತು. ಅವಳ ಕಿವಿಯಿಂದ ಒಂದು ತೆಳ್ಳನೆಯ ಕೆಂಪು ಗೆರೆ ಇಳಿದು ಬಂತು.

“ಪುಸ್ತಕ ಕೆಳಗ ಬಿತ್ತು. ಮಾತು ಮುಗೀತು,” ಎಂದ ಅಪ್ಪ, ಏದುಸಿರು ಬಿಡುತ್ತ.

ವಿಮಲಾ ಅಕ್ಕೋರು ಎದ್ದರು. ಸಣ್ಣ ಆಳು, ನನ್ನ ಅಪ್ಪನ ಎದೆಯ ಮಟ್ಟಕ್ಕೂ ಇರಲಿಲ್ಲ. ಅವನನ್ನು ದಾಟಿ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಪುಸ್ತಕ ಎತ್ತಿದರು. ಧೂಳು ಝಾಡಿಸಿದರು. ಅವ್ವನ ಮುಂದೆ ಮೊಣಕಾಲೂರಿ ಕೂತು, ಅವಳ ಎರಡೂ ಕೈಯಲ್ಲಿ ಅದನ್ನಿಟ್ಟು ಮುಚ್ಚಿದರು.

“ಮುಂದ ಹೇಳ್ರಿ ವೈನಿ,” ಎಂದರು.

ಅಪ್ಪ ಮತ್ತೆ ಕೈಯೆತ್ತಿದ. ಶೆಟ್ಟರು ಆ ಕೈ ಹಿಡಿದರು. ಹುಡುಗರಾಗಿದ್ದಾಗಿನಿಂದ ಹೋಟೆಲಿನ ಹಂಡೆ ಎತ್ತಿದ ಕೈ ಅದು, ಸಡಿಲಲಿಲ್ಲ. ಅಪ್ಪ ಇನ್ನೊಂದು ಕೈಯಲ್ಲಿ ಸ್ಟೀಲಿನ ತಂಬಿಗೆ ಎತ್ತಿ ಅವರ ಹಣೆಗೆ ಅಪ್ಪಳಿಸಿದ. ಒಂದಲ್ಲ, ಮತ್ತೆ ಮತ್ತೆ. ಶೆಟ್ಟರ ಕಣ್ಣಿನ ಮೇಲೆ ರಕ್ತ ಇಳಿದು ಬಿಳಿ ಅಂಗಿ ಕೆಂಪಾಯಿತು. ಅವರು ತಿರುಗಿ ಹೊಡೆಯಲಿಲ್ಲ, ಹಿಡಿದದ್ದನ್ನು ಬಿಡಲೂ ಇಲ್ಲ. ಇಬ್ಬರೂ ಕೂಡಿ ಚಹಾದ ಕಪ್ಪುಗಳ ಮೇಲೆ ಬಿದ್ದರು. ಗಾಜು ಪುಡಿಪುಡಿಯಾಯಿತು. ಗೋಳಿಬಜೆ ಕಾಲಡಿಗೆ ಹಿಟ್ಟಾಯಿತು. ಅಪ್ಪ ಒದೆಯುತ್ತಿದ್ದ, ಕಚ್ಚುತ್ತಿದ್ದ, ಯುದ್ಧದ ಕಾದಂಬರಿ ಓದಿದ ಅದೇ ಗಂಟಲಿನಿಂದ ಹೊಲಸು ಬೈಗುಳ ಸುರಿಸುತ್ತಿದ್ದ.

ಆ ಗದ್ದಲದೊಳಗೆ ಅವ್ವ ಗೋಡೆ ಹಿಡಿದು ಎದ್ದು ನಿಂತಳು. ಪುಸ್ತಕ ಎದೆಗವಚಿಕೊಂಡು ಮಾತಾಡತೊಡಗಿದಳು. ಕಿವಿಯ ತುಂಬ ಸೀಟಿ, ಅವಳಿಗೆ ತನ್ನ ಮಾತೇ ಕೇಳಿಸುತ್ತಿರಲಿಲ್ಲ. ಕೇಳಿಸಲಿಲ್ಲವೆಂದು ದನಿ ಏರಿಸಿದಳು. ಆದರೂ ಕೇಳಿಸಲಿಲ್ಲ, ಇನ್ನೂ ಏರಿಸಿದಳು. ಅಷ್ಟು ವರ್ಷ ಸೆರಗು ತುರುಕಿದ್ದ ಆ ಬಾಯಿಯಿಂದ ಅಂಥ ದನಿ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

“ಕುತ್ತಿಗಿ ಹಿಚಕಿದರ ಏನಾಗ್ತದ ಅಂತ ಇದರಾಗ ಬರದಿಲ್ಲ! ನಾ ಹೇಳ್ತೀನಿ ಕೇಳ್ರಿ!” ಸೆರಗು ಕಿತ್ತು ಹಾಕಿದಳು. ಕಡುನೀಲಿ ಬೆರಳಚ್ಚುಗಳು ಹಳದಿಗೆ ತಿರುಗುತ್ತಿದ್ದವು. “ಮೊದಲ ಕಣ್ಣು ಕತ್ತಲಿ ಬರ್ತಾವ! ಆಮ್ಯಾಲ ಕೂಸಿನ ನೆನಪು ಬರ್ತದ!”

ಕುಲಕರ್ಣಿ ಕಾಕಾ ಗೋಡೆ ತಡಕಾಡುತ್ತ ಕಿಟಕಿಯ ಹತ್ತಿರ ಹೋಗಿದ್ದರು. ಕಾಣದ ಕಣ್ಣಿನಲ್ಲೇ ಅಗುಳಿ ಹುಡುಕಿ ಎಳೆದು, ಎರಡೂ ಬಾಗಿಲು ದೂಡಿದರು. ಕೆಳಗೆ ಹುಡುಗರ ಆಟ ನಿಂತದ್ದು ನನಗೆ ಗೊತ್ತಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಜೂ ಮನೆಯ ಕಾಕೂ “ಕಾಯ್ ಝಾಲಂ?”, ಏನಾಯಿತು, ಎನ್ನುತ್ತ ಬಾಗಿಲಿಗೆ ಬಂದಳು, ಅವಳ ಹಿಂದೆ ಇಡೀ ಮಾಳಿಗೆಯ ಜನ. ಅವ್ವನ ಕನ್ನಡ ಅವರಿಗೆ ತಿಳಿಯಲಿಲ್ಲ. ಕುತ್ತಿಗೆ ಕಾಣುತ್ತಿತ್ತು, ಮರಾಠಿಯಲ್ಲೂ ಅದರ ಅರ್ಥ ಒಂದೇ.

ಅವ್ವ ಎಲ್ಲವನ್ನೂ ಹೇಳಿದಳು. ಒಲೆಕಟ್ಟೆ, ರೊಟ್ಟಿಹಿಟ್ಟು, ರೇಡಿಯೋ, ಟ್ರಂಕಿನ ಮೂಲೆ. ಪುಸ್ತಕದ ಪುಟ ತಿರುವುತ್ತ, ಇಲ್ಲಿ ಹಿಂಗ ಬರದಾರ, ಖರೇ ಹಿಂಗಿರ್ತದ ಎಂದು ಒಂದೊಂದೇ ತಿದ್ದುತ್ತ ಹೋದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಶೆಟ್ಟರು ಅಪ್ಪನ ಎದೆಯ ಮೇಲೆ ಮೊಣಕಾಲೂರಿ, ಹಣೆಯ ರಕ್ತ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಕೆಳಗೆ ಬಿದ್ದಿದ್ದ ಅಪ್ಪನೂ ಕೊನೆಗೆ ಸುಮ್ಮನಾಗಿ ಕೇಳಿದ. ಅವನು ಯಾರ ಮಾತನ್ನಾದರೂ ಪೂರ್ತಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕಡೀಕ ಆಕಿ ಅವನ್ನ ಕ್ಷಮಾ ಮಾಡ್ತಾಳ ಅಂತ ಬರದಾರ,” ಎಂದು ಅವ್ವ ಪುಸ್ತಕ ಮುಚ್ಚಿದಳು. “ಇನ್ನೊಬ್ಬರು ಓದೂದು ಬ್ಯಾಡ.”

ಸ್ಟೂಲು ಬಿದ್ದಿತ್ತು. ಕಾಕಾ ಅದನ್ನು ತಡಕಿ ಎತ್ತಿ ನಿಲ್ಲಿಸಿದರು. ಅವ್ವ ಪುಸ್ತಕವನ್ನು ಅದರ ಮೇಲಿಟ್ಟಳು.

ಅವತ್ತು ಸಂಜೆಯೇ ನಾವಿಬ್ಬರೂ ಉಟ್ಟ ಬಟ್ಟೆಯಲ್ಲಿ ರೈಲ್ವೆ ಬ್ರಿಜ್ ದಾಟಿ, ಪಶ್ಚಿಮದಲ್ಲಿದ್ದ ವಿಮಲಾ ಅಕ್ಕೋರ ಮನೆಗೆ ಹೋದೆವು. ಹಣೆಗೆ ಟವೆಲು ಬಿಗಿದ ಶೆಟ್ಟರು ಜತೆಗೆ ಬರುತ್ತಿದ್ದರು. ದಾರಿಯುದ್ದಕ್ಕೂ ‘ನಮಗೆ ತಿಳೀಲಿಲ್ಲ ಅಕ್ಕ’ ಎನ್ನುತ್ತಿದ್ದರು. ಅವರು ಎಡಗಡೆ ನಡೆಯುತ್ತಿದ್ದುದರಿಂದ ಅವ್ವನಿಗೆ ಅದು ಕೇಳಿಸಲಿಲ್ಲ. ಎಡಗಿವಿಯ ತಮಟೆ ಹರಿದಿದೆ, ಆ ಕಿವಿ ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು. ಅವ್ವ ಅಕ್ಕೋರ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಹಿಡಿದು ನನ್ನನ್ನು ಓದಿಸಿದಳು. ತಿರುಗಿ ಆ ಮನೆಗೆ ಹೋಗಲಿಲ್ಲ, ಕ್ಷಮೆಯನ್ನೂ ಮಾಡಲಿಲ್ಲ. ಅಪ್ಪ ತೀರಿಕೊಂಡಾಗ ನಾನೊಬ್ಬಳೇ ಹೋಗಿದ್ದೆ. ಮನೆಯ ಕಿಟಕಿಗಳು ಎಷ್ಟು ಕಾಲದಿಂದ ಮುಚ್ಚಿದ್ದವೋ, ತುಕ್ಕು ಹಿಡಿದು ತೆರೆಯಲು ಬರಲಿಲ್ಲ. ಅವನ ಪುಸ್ತಕಗಳನ್ನು ರದ್ದಿಯವನು ಒಯ್ದ.

ಈಗ ನಾವು ಪವಾಯಿಯಲ್ಲಿದ್ದೇವೆ. ಶೆಟ್ಟರು ಊರಿಗೆ ಹೋದರು, ಕಾಕಾ ಇಲ್ಲ, ಅಕ್ಕೋರೂ ಇಲ್ಲ, ಅವರ ಶಾಲೆಯ ಕನ್ನಡ ವರ್ಗಗಳೂ ಇಲ್ಲ. ರದ್ದಿ ಅಂಗಡಿಗೆ ಹೋಗಿ ಕನ್ನಡ ಪುಸ್ತಕ ಇದೆಯೇ ಎಂದರೆ ಹುಡುಗ ನನ್ನ ಮುಖ ನೋಡುತ್ತಾನೆ. ಮೊಬೈಲಿನಲ್ಲಿ ಓದುಗರ ಗುಂಪುಗಳಿವೆ, ನಾನೂ ನಾಲ್ಕೈದರಲ್ಲಿದ್ದೇನೆ. ಪುಸ್ತಕದ ಮುಖಪುಟ ಹಾಕುತ್ತಾರೆ, ಹೆಬ್ಬೆರಳು ಒತ್ತುತ್ತಾರೆ, ಎರಡು ಮಾತು ಬರೆಯುವಷ್ಟರಲ್ಲಿ ಜಗಳಕ್ಕೆ ಬೀಳುತ್ತಾರೆ. ಕೈಯಲ್ಲಿ ಪುಸ್ತಕ ಇದೆ, ಮುಗಿಸಲಿ ಎನ್ನುವವರು ಅಲ್ಲಿ ಯಾರೂ ಇಲ್ಲ. ಅಪ್ಪನ ಓದು ಕೂಡ ನನಗೆ ನೆನಪಾಗುತ್ತದೆ, ಹಾಳಾದದ್ದು, ನೆನಪಾಗುತ್ತದೆ. ಆ ದನಿಯನ್ನು ಆ ಕೈಯಿಂದ ಬೇರೆ ಮಾಡಿ ಇಟ್ಟುಕೊಳ್ಳುವ ಉಪಾಯ ನನಗೆ ಈ ವಯಸ್ಸಿನಲ್ಲೂ ಸಿಕ್ಕಿಲ್ಲ.

ಅವ್ವನ ಮಾತು ಅವತ್ತು ಏರಿದ್ದು ಮತ್ತೆ ಇಳಿಯಲೇ ಇಲ್ಲ. ಅವಳು ಫೋನಿನಲ್ಲಿ ಮಾತಾಡಿದರೆ ಕೆಳಗಿನ ವಾಚ್‌ಮನ್ನಿಗೂ ಕೇಳುತ್ತದೆ. ಸೊಸೈಟಿಯವರು ಬಂದು ಮರ್ಯಾದೆಯಿಂದಲೇ ದೂರು ಹೇಳಿದರು. ನನ್ನ ಮಗಳೂ “ಅಜ್ಜಿ, ಧೀರೇ ಬೋಲೋ ನಾ, ನೆಕ್ಸ್ಟ್ ಡೋರ್ ತಕ್ ಕೇಳ್ತದೆ,” ಎನ್ನುತ್ತಾಳೆ. ನಾನು ಮಾತ್ರ ಒಂದು ದಿನವೂ ಮೆಲ್ಲಗೆ ಮಾತಾಡು ಎಂದು ಅವಳಿಗೆ ಹೇಳಿಲ್ಲ.

ಈಚೆಗೆ ಅವಳ ಕಣ್ಣು ಮಂಜಾಗಿದೆ. ಭಾನುವಾರ ಮಧ್ಯಾಹ್ನ ಅವಳ ಬಲಗಡೆ ಕೂತು ನಾನೇ ಓದಿ ಹೇಳುತ್ತೇನೆ. ಮೊನ್ನೆ ಓದುವುದನ್ನು ನಿಲ್ಲಿಸಿ, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ.

“ಅವ್ವಾ, ಆ ಸೀಟಿ ಇನ್ನೂ ಕೇಳಸ್ತದೇನ?”

“ಕೇಳಸ್ತದ,” ಎಂದಳು, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ. “ಅದು ಎಲ್ಲಿ ನಿಂತದ? ನೀ ಜೋರ ಓದು.”